ಕೊಂಬಿನ ಮೊಲ, ಕಲ್ಲಾದ ಮನುಷ್ಯ: ಕೌಬಾಯ್ ನಾಡಿನ ಬುರುಡೆ ಕಥೆಗಳು ನಮಗೇಕೆ ಇಷ್ಟ?

ಮೊದಲು ಈ ಸುದ್ದಿಯನ್ನು ಓದಿ ನೋಡಿ.

ಅಮೆರಿಕದ ಡೆತ್ ವ್ಯಾಲಿ ಎಂಬ ಸುಡುವ ಮರುಭೂಮಿಯನ್ನು ಬೇಸಿಗೆಯಲ್ಲಿ ದಾಟಲು ಒಬ್ಬ ಸಂಶೋಧಕ ವಿಶೇಷ ಉಡುಪು ತಯಾರಿಸಿಕೊಂಡ. ಮೈತುಂಬ ದಪ್ಪ ಸ್ಪಂಜಿನ ಅಂಗಿ, ತಲೆಗೂ ಸ್ಪಂಜಿನ ಮುಸುಕು, ಕಂಕುಳಲ್ಲಿ ನೀರಿನ ರಬ್ಬರ್ ಚೀಲ. ಚೀಲ ಒತ್ತಿದರೆ ಸ್ಪಂಜು ಒದ್ದೆಯಾಗುತ್ತದೆ, ನೀರು ಆವಿಯಾಗುತ್ತಾ ಮೈ ತಂಪಾಗುತ್ತದೆ. ಆದರೆ ಉಡುಪು ವಿಪರೀತ ಚೆನ್ನಾಗಿ ಕೆಲಸ ಮಾಡಿತು. ಹುಡುಕಿಕೊಂಡು ಹೋದವರಿಗೆ ಅವನು ಕುಳಿತಲ್ಲೇ ಹೆಪ್ಪುಗಟ್ಟಿ ಸತ್ತಿದ್ದು ಕಂಡಿತು. ಗಡ್ಡದ ಮೇಲೆ ಹಿಮ, ಮೂಗಿನ ತುದಿಯಿಂದ ಒಂದಡಿಗಿಂತ ಉದ್ದದ ಮಂಜಿನ ಕಡ್ಡಿ!

ಇದು ವಾಟ್ಸಾಪ್ ಫಾರ್ವರ್ಡ್ ಅಲ್ಲ. 1874ರಲ್ಲಿ ನೆವಾಡಾದ ವರ್ಜಿನಿಯಾ ಸಿಟಿಯ 'ಟೆರಿಟೋರಿಯಲ್ ಎಂಟರ್‌ಪ್ರೈಸ್' ಪತ್ರಿಕೆಯಲ್ಲಿ ಅಚ್ಚಾದ ಸುದ್ದಿ. ಬರೆದವನು ಡ್ಯಾನ್ ಡಿ ಕ್ವಿಲ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ವಿಲಿಯಂ ರೈಟ್. ಶುರುವಿನಿಂದ ಕೊನೆಯವರೆಗೆ ಶುದ್ಧ ಬುರುಡೆ. ಆದರೂ ಅದು ಒಂದು ಪತ್ರಿಕೆಯಿಂದ ಇನ್ನೊಂದಕ್ಕೆ ದಾಟುತ್ತಾ ಲಂಡನ್ನಿನ 'ಡೈಲಿ ಟೆಲಿಗ್ರಾಫ್'ವರೆಗೂ ತಲುಪಿತು!

ಇಂಥ ಕಥೆಗಳು ಅಮೆರಿಕದ ಪಶ್ಚಿಮ ಸೀಮೆಯಲ್ಲಿ ಒಂದು ಪರಂಪರೆಯೇ ಆಗಿ ಬೆಳೆದವು. ಮೊದಲು ಬೆಂಕಿಯ ಸುತ್ತ ಕುಳಿತವರ ಬಾಯಲ್ಲಿ, ಆಮೇಲೆ ಪತ್ರಿಕೆಗಳಲ್ಲಿ, ನಂತರ 'ಪಲ್ಪ್' ಎಂದು ಕರೆಯುತ್ತಿದ್ದ ಅಗ್ಗದ ಕಥಾ ಪತ್ರಿಕೆಗಳಲ್ಲಿ. ಸುಳ್ಳೆಂದು ಗೊತ್ತಿದ್ದೂ ಜನ ಇವನ್ನು ದುಡ್ಡು ಕೊಟ್ಟು ಓದುತ್ತಿದ್ದರು. ಯಾಕೆ? ಇದಕ್ಕೆ ಉತ್ತರ ತಿಳಿದರೆ, ನಮ್ಮ ಫೋನಿಗೆ ಬಂದು ಬೀಳುವ ಸಂದೇಶಗಳನ್ನು ನಾವು ಯಾಕೆ ತಕ್ಷಣ ಮುಂದೆ ಕಳಿಸುತ್ತೇವೆ ಎಂಬುದೂ ಅರ್ಥವಾಗುತ್ತದೆ.

ಬುರುಡೆ ಬೇರೆ, ಸುಳ್ಳು ಬೇರೆ

ಕನ್ನಡದಲ್ಲಿ ಈ ವ್ಯತ್ಯಾಸಕ್ಕೆ ಮಾತುಗಳೇ ಇವೆ. 'ಸುಳ್ಳು ಹೇಳಿದ' ಎಂದರೆ ಕೋಪ ಬರುತ್ತದೆ. 'ಬುರುಡೆ ಬಿಟ್ಟ', 'ರೈಲು ಬಿಟ್ಟ' ಎಂದರೆ ನಗು ಬರುತ್ತದೆ. ಸುಳ್ಳು ಹೇಳುವವನಿಗೆ ನೀವು ನಂಬಬೇಕು, ಅದರಿಂದ ಅವನಿಗೆ ಏನೋ ಲಾಭ ಆಗಬೇಕು. ಬುರುಡೆ ಬಿಡುವವನಿಗೆ ನೀವು ಎಲ್ಲೋ ಒಂದು ಕಡೆ ಕಂಡುಹಿಡಿದು ನಗಬೇಕು.

ಪಶ್ಚಿಮ ಅಮೆರಿಕದ ಬುರುಡೆ ಕಥೆಗೆ ತನ್ನದೇ ಆದ ಲೆಕ್ಕಾಚಾರ ಇತ್ತು. ಹೇಳುವವನ ಮುಖದಲ್ಲಿ ನಗುವಿನ ಗೆರೆಯೂ ಕಾಣಬಾರದು. ಊರು, ಹೊಳೆ, ದೂರ, ತೂಕ ಎಲ್ಲವೂ ಖಚಿತವಾಗಿರಬೇಕು. ಮೊದಲ ಮಾತು ಪೂರ್ತಿ ನಂಬುವಂತಿರಬೇಕು, ಎರಡನೆಯದು ಸ್ವಲ್ಪ ಅನುಮಾನ ಬರಿಸಬೇಕು, ಕೊನೆಯದು ಆಕಾಶಕ್ಕೆ ಏಣಿ ಹಾಕಬೇಕು. ಸ್ಪಂಜಿನ ಅಂಗಿಯ ಕಥೆಯನ್ನೇ ನೋಡಿ. ನೀರು ಆವಿಯಾಗುವಾಗ ಶಾಖವನ್ನು ಹೀರಿಕೊಳ್ಳುವುದು ನಿಜ. ಮಣ್ಣಿನ ಮಡಕೆಯ ನೀರು ತಣ್ಣಗಿರುವುದು, ಬೆವರಿದಾಗ ಗಾಳಿ ಬೀಸಿದರೆ ಹಾಯೆನಿಸುವುದು ಅದೇ ಕಾರಣಕ್ಕೆ. ಆದರೆ ಆ ತಂಪಿಗೆ ಒಂದು ಮಿತಿ ಇದೆ. ಗಾಳಿ ಎಷ್ಟೇ ಒಣಗಿದ್ದರೂ, ಮರುಭೂಮಿಯ ಬಿಸಿಲಲ್ಲಿ ಒದ್ದೆ ಬಟ್ಟೆ ಮಂಜುಗಟ್ಟುವಷ್ಟು ತಣ್ಣಗಾಗುವುದಿಲ್ಲ. ಅಂದರೆ ಕಥೆಯ ಬುಡದಲ್ಲಿ ನಿಜವಾದ ವಿಜ್ಞಾನವಿದೆ, ತುದಿಯಲ್ಲಿ ಬುರುಡೆ ಇದೆ. ಬುಡ ಗಟ್ಟಿಯಾಗಿರುವುದರಿಂದಲೇ ತುದಿಯನ್ನೂ ಜನ ನಂಬಿದರು.

ಈ ಕಥೆಗಳು ಅಲ್ಲೇ ಯಾಕೆ ಹುಟ್ಟಿದವು?

ಮೊದಲ ಕಾರಣ ಆ ನೆಲವೇ. ರಾಕಿ ಪರ್ವತಗಳ ಕಡೆ ತುಪ್ಪಳದ ಪ್ರಾಣಿ ಹಿಡಿಯಲು ಹೋಗುತ್ತಿದ್ದ ಜಿಮ್ ಬ್ರಿಡ್ಜರ್ (1804–1881) ಎಂಬ ಬೇಟೆಗಾರನಿದ್ದ. ನೆಲದಿಂದ ಚಿಮ್ಮುವ ಕುದಿನೀರು, ಕಲ್ಲಾಗಿ ನಿಂತ ಮರಗಳು ಇವೆಯೆಂದು ಅವನು ಹೇಳಿದರೆ ಪಟ್ಟಣದ ಜನ ನಕ್ಕರು. ಆದರೆ ಅವೆಲ್ಲ ನಿಜ. ಇಂದಿನ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ, ಅಂದರೆ 1872ರಲ್ಲಿ ರಕ್ಷಿತ ಪ್ರದೇಶವಾದ ಜಾಗದಲ್ಲಿ, ಅವನ್ನು ಈಗಲೂ ನೋಡಬಹುದು. ನಿಜ ಹೇಳಿದರೂ ನಂಬದ ಜನರಿಗೆ ಇನ್ನಷ್ಟು ಸೇರಿಸಿ ಹೇಳಿದರೇನಂತೆ? ಕಲ್ಲಾದ ಮರದಲ್ಲಿ ಕಲ್ಲಾದ ಹಕ್ಕಿಗಳು ಕಲ್ಲಾದ ಹಾಡು ಹಾಡುತ್ತವೆ ಎಂಬ ಕಥೆ ಅವನ ಹೆಸರಿಗೆ ಅಂಟಿಕೊಂಡಿತು. ಮಲಗುವ ಮುಂಚೆ ದೂರದ ಬೆಟ್ಟದ ಕಡೆಗೆ 'ಏಳೋ, ಬೆಳಗಾಯ್ತು' ಎಂದು ಕೂಗಿದರೆ, ಅದರ ಪ್ರತಿಧ್ವನಿ ಎಂಟು ಗಂಟೆ ಕಳೆದು ವಾಪಸ್ ಬಂದು ಎಬ್ಬಿಸುತ್ತದೆ ಎಂಬುದು ಇನ್ನೊಂದು.

ಎರಡನೆಯ ಕಾರಣ, ಹೊಸಬರು. ಬೆಳ್ಳಿ, ಚಿನ್ನ, ದನಕರು ಹುಡುಕಿಕೊಂಡು ಪ್ರತಿ ವರ್ಷ ಪೂರ್ವದ ಪಟ್ಟಣಗಳಿಂದ ಜನ ಬರುತ್ತಿದ್ದರು. ಅವರ ಕಿವಿಗೆ ಹೂ ಇಡುವುದು ಹಳಬರಿಗೆ ಮೋಜು. ಮೋಸಹೋದವನು ಸಿಟ್ಟಾಗದೆ ನಕ್ಕರೆ ಗುಂಪಿಗೆ ಸೇರಿದಂತೆ. ಮುಂದಿನ ವರ್ಷ ಅವನೇ ಇನ್ನೊಬ್ಬ ಹೊಸಬನಿಗೆ ಅದೇ ಕಥೆ ಹೇಳುತ್ತಿದ್ದ.

ಮೂರನೆಯದು ಬದುಕಿನ ಕಷ್ಟ. ಗಣಿ ಕುಸಿತ, ಬರ, ಹಿಮಪಾತ, ರೋಗ ಎಲ್ಲವೂ ದಿನನಿತ್ಯದ ಮಾತು. ಭಯವನ್ನು ಹತ್ತು ಪಟ್ಟು ಹಿಗ್ಗಿಸಿ ಹೇಳಿದಾಗ ಅದು ನಗೆಗೇಡಾಗುತ್ತದೆ, ನಿಜವಾದ ಭಯ ಸ್ವಲ್ಪ ಚಿಕ್ಕದಾಗಿ ಕಾಣುತ್ತದೆ.

ಪತ್ರಿಕೆಗಳ ಕಾಲದ 'ಫಾರ್ವರ್ಡ್'

1862ರ ಅಕ್ಟೋಬರ್‌ನಲ್ಲಿ ಅದೇ 'ಟೆರಿಟೋರಿಯಲ್ ಎಂಟರ್‌ಪ್ರೈಸ್'ನಲ್ಲಿ ಇನ್ನೊಂದು ಸುದ್ದಿ ಬಂತು. ಸುಮಾರು ನೂರು ವರ್ಷಗಳ ಹಿಂದೆ ಸತ್ತು ಪೂರ್ತಿ ಕಲ್ಲಾಗಿಹೋದ ಮನುಷ್ಯನೊಬ್ಬ ಸಿಕ್ಕಿದ್ದಾನಂತೆ. ಬರೆದವನು ಸ್ಯಾಮ್ಯುಯೆಲ್ ಕ್ಲೆಮೆನ್ಸ್ ಎಂಬ ಯುವ ವರದಿಗಾರ. ಮುಂದಿನ ವರ್ಷದಿಂದ ಅವನು ಬಳಸತೊಡಗಿದ ಹೆಸರು ಮಾರ್ಕ್ ಟ್ವೇನ್. ಕಲ್ಲಾದ ವಸ್ತುಗಳ ಬಗ್ಗೆ ಆಗ ಪತ್ರಿಕೆಗಳಿಗೆ ಹಿಡಿದಿದ್ದ ಹುಚ್ಚನ್ನು ಗೇಲಿ ಮಾಡುವುದು ಅವನ ಉದ್ದೇಶವಾಗಿತ್ತು.

ಸುಳಿವನ್ನು ಅವನು ಸುದ್ದಿಯೊಳಗೇ ಇಟ್ಟಿದ್ದ. ಕಲ್ಲುಮನುಷ್ಯನ ಒಂದು ಕಣ್ಣು ಮುಚ್ಚಿತ್ತು, ಬಲಗೈ ಹೆಬ್ಬೆರಳು ಮೂಗಿನ ಪಕ್ಕದಲ್ಲಿತ್ತು, ಉಳಿದ ಬೆರಳುಗಳು ಬಿಡಿಸಿಕೊಂಡಿದ್ದವು. ಈ ವಿವರಗಳನ್ನೆಲ್ಲ ಒಟ್ಟು ಸೇರಿಸಿ ನಿಮ್ಮ ಕೈಯಲ್ಲೇ ಮಾಡಿ ನೋಡಿ. ಕಲ್ಲುಮನುಷ್ಯ ಕಣ್ಣು ಹೊಡೆದು ಓದುಗರನ್ನು ಅಣಕಿಸುತ್ತಾ ಕೂತಿದ್ದಾನೆ! ಆದರೆ ಟ್ವೇನ್ ಈ ವಿವರಗಳನ್ನು ಒಂದೇ ಕಡೆ ಕೊಡದೆ, ನಡುವೆ ಬೇರೆ ಮಾತು ಸೇರಿಸಿ ಚದುರಿಸಿದ್ದ. ಹೆಚ್ಚಿನವರಿಗೆ ಅದು ಹೊಳೆಯಲೇ ಇಲ್ಲ. ಆಗ ಪತ್ರಿಕೆಗಳು ಪ್ರತಿಗಳನ್ನು ಪರಸ್ಪರ ಅಂಚೆಯಲ್ಲಿ ಕಳಿಸಿಕೊಂಡು, ಇಷ್ಟವಾದದ್ದನ್ನು ಕತ್ತರಿಸಿ ಮರುಮುದ್ರಿಸುತ್ತಿದ್ದವು. ಹಲವು ಪತ್ರಿಕೆಗಳು ಕಲ್ಲುಮನುಷ್ಯನನ್ನು ನಿಜವೆಂದೇ ಅಚ್ಚು ಹಾಕಿದವು.

ಇಲ್ಲಿ ಗಮನಿಸಬೇಕಾದದ್ದು ಇದು. ವರ್ಜಿನಿಯಾ ಸಿಟಿಯ ಓದುಗನಿಗೆ ಆ ಪತ್ರಿಕೆಯ ಚಾಳಿ ಗೊತ್ತು, ಬರೆಯುವವರು ಎಂಥವರು ಎಂದು ಗೊತ್ತು. ಅವನು ನಕ್ಕ. ಸಾವಿರಾರು ಮೈಲಿ ದೂರದ ಓದುಗನ ಕೈಗೆ ಸಿಕ್ಕಿದ್ದು ಬರೀ ಸುದ್ದಿ. ಅವನು ನಂಬಿದ. ಸುದ್ದಿಯ ಒಂದು ಅಕ್ಷರವೂ ಬದಲಾಗಿರಲಿಲ್ಲ.

ಹತ್ತು ಸೆಂಟಿನ ಪತ್ರಿಕೆ, ಬೆಟ್ಟದಂಥ ನಾಯಕ

1896ರಲ್ಲಿ ಫ್ರ್ಯಾಂಕ್ ಮುನ್ಸಿ ತನ್ನ 'ಆರ್ಗಸಿ' ಪತ್ರಿಕೆಯನ್ನು ಬರೀ ಕಥೆಗಳಿಗೆ ಮೀಸಲಿಟ್ಟು, ಮರದ ತಿರುಳಿನ ಒರಟು ಕಾಗದದಲ್ಲಿ ಅಚ್ಚು ಹಾಕತೊಡಗಿದ. ತಿರುಳಿಗೆ ಇಂಗ್ಲಿಷಿನಲ್ಲಿ 'ಪಲ್ಪ್'. ಆ ಕಾಗದದ ಹೆಸರೇ ಈ ಇಡೀ ಜಾತಿಯ ಪತ್ರಿಕೆಗಳಿಗೆ ನಿಂತಿತು. 1919ರಲ್ಲಿ ಬರೀ ಕೌಬಾಯ್ ಕಥೆಗಳಿಗಾಗಿಯೇ 'ವೆಸ್ಟರ್ನ್ ಸ್ಟೋರಿ ಮ್ಯಾಗಜೀನ್' ಶುರುವಾಯಿತು. ಕಾರ್ಮಿಕರು, ಹುಡುಗರು, ರೈಲಿನಲ್ಲಿ ಓಡಾಡುವವರು ಕೆಲವೇ ಸೆಂಟು ಕೊಟ್ಟು ಕೊಂಡು, ಓದಿ, ಇನ್ನೊಬ್ಬರಿಗೆ ದಾಟಿಸುವಂಥ ಪತ್ರಿಕೆಗಳು ಇವು.

ಈ ಪತ್ರಿಕೆಗಳ ಮಾಮೂಲಿ ನಾಯಕ ಗಂಭೀರ ವ್ಯಕ್ತಿ. ಕಡಿಮೆ ಮಾತು, ಗುರಿ ತಪ್ಪದ ಬಂದೂಕು. 1934ರಲ್ಲಿ 'ಆ್ಯಕ್ಷನ್ ಸ್ಟೋರೀಸ್' ಪತ್ರಿಕೆಯಲ್ಲಿ ಇದಕ್ಕೆ ತದ್ವಿರುದ್ಧವಾದ ನಾಯಕನೊಬ್ಬ ಬಂದ. ಹೆಸರು ಬ್ರೆಕಿನ್‌ರಿಡ್ಜ್ ಎಲ್ಕಿನ್ಸ್. ಸೃಷ್ಟಿಸಿದವನು ಟೆಕ್ಸಾಸ್‌ನ ಕ್ರಾಸ್ ಪ್ಲೇನ್ಸ್ ಎಂಬ ಸಣ್ಣ ಊರಿನ ರಾಬರ್ಟ್ ಇ. ಹೋವರ್ಡ್. 'ಕೋನನ್' ಎಂಬ ಕತ್ತಿವೀರನನ್ನು ಸೃಷ್ಟಿಸಿದವನೂ ಇವನೇ. 1936ರಲ್ಲಿ, 30ನೇ ವಯಸ್ಸಿನಲ್ಲಿ ಹೋವರ್ಡ್ ತೀರಿಕೊಳ್ಳುವವರೆಗೂ ಎಲ್ಕಿನ್ಸ್ ಕಥೆಗಳು ಬರುತ್ತಲೇ ಇದ್ದವು.

ಎಲ್ಕಿನ್ಸ್ ನೆವಾಡಾದ ಬೆಟ್ಟಗಳ ನಡುವೆ ಬೆಳೆದ ದೈತ್ಯ. ಗುಂಡೇಟು ಅವನಿಗೆ ಲೆಕ್ಕಕ್ಕೇ ಇಲ್ಲ. ಶಕ್ತಿ ಎಷ್ಟಿದೆಯೋ ಲೋಕಜ್ಞಾನ ಅಷ್ಟೇ ಕಡಿಮೆ. ಮೊದಲ ಕಥೆಯಲ್ಲಿ ಅಪ್ಪನಿಗೆ ಬಂದ ಕಾಗದ ತರಲೆಂದು ಪಟ್ಟಣಕ್ಕೆ ಹೋದವನನ್ನು ಜನ ಮುಷ್ಟಿಕಾಳಗದ ಪೈಲ್ವಾನನೆಂದು ತಪ್ಪು ತಿಳಿದು ಅಖಾಡಕ್ಕೆ ಇಳಿಸುತ್ತಾರೆ. ಎಲ್ಲ ಕಥೆಗಳನ್ನೂ ಅವನೇ, ತನ್ನ ಹಳ್ಳಿಯ ಆಡುಮಾತಿನಲ್ಲಿ, ವ್ಯಾಕರಣದ ಹಂಗಿಲ್ಲದೆ ಹೇಳುತ್ತಾನೆ. ತಾನು ಬಹಳ ಸಾಧು, ಜಗಳ ತನಗೆ ಆಗದ ವಿಷಯ ಎಂದು ಅವನ ನಂಬಿಕೆ. ಅವನು ಕಾಲಿಟ್ಟ ಕಡೆಯಲ್ಲೆಲ್ಲ ಬಾಗಿಲು, ಬೇಲಿ, ಮೂಳೆ ಮುರಿಯುತ್ತಿರುತ್ತವೆ.

ಈ ಕಥೆಗಳ ಸೆಳೆತ ಇರುವುದು ಇಲ್ಲೇ. ಹೇಳುವವನಿಗೆ ಗೊತ್ತಿಲ್ಲದ್ದು ಓದುಗನಿಗೆ ಗೊತ್ತು. ಅವನು 'ಸ್ವಲ್ಪ ತಳ್ಳಿದೆ' ಎಂಬಂತೆ ಹೇಳಿದಾಗ, ಎದುರಿನವನಿಗೆ ಏನಾಗಿರಬಹುದೆಂದು ನಾವೇ ಊಹಿಸಿಕೊಂಡು ನಗುತ್ತೇವೆ. ಜೊತೆಗೆ ಸಮಯವನ್ನೂ ನೋಡಿ. 1930ರ ದಶಕ ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತದ ಕಾಲ. ಲಕ್ಷಾಂತರ ಜನರಿಗೆ ಕೆಲಸವಿಲ್ಲ. ಅಂಥ ದಿನಗಳಲ್ಲಿ, ಏನೇ ಬಿದ್ದರೂ ಮೈಕೊಡವಿ ಏಳುವ ದಡ್ಡ ದೈತ್ಯ ಓದುಗರಿಗೆ ಹತ್ತಿರವಾಗಿದ್ದರಲ್ಲಿ ಆಶ್ಚರ್ಯವಿಲ್ಲ.

ಮನಸ್ಸಿನಲ್ಲಿ ಏನಾಗುತ್ತದೆ?

ನಗುವಿನ ಬಗ್ಗೆ ಪೀಟರ್ ಮೆಕ್‌ಗ್ರಾ ಮತ್ತು ಕೇಲಬ್ ವಾರನ್ ಎಂಬ ಸಂಶೋಧಕರು 2010ರಲ್ಲಿ ಒಂದು ವಿವರಣೆ ಮುಂದಿಟ್ಟರು. ಯಾವುದೋ ಒಂದು ನಿಯಮ ಮುರಿಯಬೇಕು, ಆದರೆ ಅದರಿಂದ ಯಾರಿಗೂ ನಿಜವಾದ ಅಪಾಯವಿಲ್ಲ ಎಂದು ಅದೇ ಹೊತ್ತಿಗೆ ಅನಿಸಬೇಕು. ಆಗ ನಗು ಬರುತ್ತದೆ. ಮರುಭೂಮಿಯಲ್ಲಿ ಒಬ್ಬ ಸತ್ತ ಎಂದರೆ ದುಃಖ. ಬಿರುಬಿಸಿಲಲ್ಲಿ ಹೆಪ್ಪುಗಟ್ಟಿ ಸತ್ತ ಎಂದರೆ ಪ್ರಕೃತಿಯ ನಿಯಮವೇ ಮುರಿಯಿತು, ಸತ್ತವನೂ ಕಾಲ್ಪನಿಕ. ಹಾಗಾಗಿ ನಗುತ್ತೇವೆ.

ಎರಡನೆಯದು ಹೊಸತನ. 2006ರಿಂದ 2017ರವರೆಗೆ ಟ್ವಿಟರ್‌ನಲ್ಲಿ ಹರಡಿದ ಸುಮಾರು 1,26,000 ಸುದ್ದಿಗಳನ್ನು ಎಂಐಟಿಯ ಸಂಶೋಧಕರು ಪರಿಶೀಲಿಸಿದರು. ಫಲಿತಾಂಶ 2018ರಲ್ಲಿ 'ಸೈನ್ಸ್' ನಿಯತಕಾಲಿಕದಲ್ಲಿ ಪ್ರಕಟವಾಯಿತು. ನಿಜ ಸುದ್ದಿಗಿಂತ ಸುಳ್ಳು ಸುದ್ದಿ ಮರುಹಂಚಿಕೆಯಾಗುವ ಸಾಧ್ಯತೆ ಶೇ. 70ರಷ್ಟು ಹೆಚ್ಚಿತ್ತು. ಸುಳ್ಳು ಸುದ್ದಿ ಹೆಚ್ಚು ಹೊಸದಾಗಿ ಕಾಣುತ್ತಿತ್ತು, ಅದಕ್ಕೆ ಬಂದ ಪ್ರತಿಕ್ರಿಯೆಗಳಲ್ಲಿ ಆಶ್ಚರ್ಯ ಎದ್ದು ಕಾಣುತ್ತಿತ್ತು. ಬುರುಡೆ ಕಥೆ ಮಾಡುವುದೂ ಇದನ್ನೇ. 'ಅಯ್ಯೋ, ಹೀಗೂ ಉಂಟಾ!' ಎನಿಸಿದ್ದನ್ನು ನಮ್ಮಲ್ಲೇ ಇಟ್ಟುಕೊಳ್ಳುವುದು ಕಷ್ಟ.

ಮೂರನೆಯದು ನೆನಪಿನ ಸ್ವಭಾವ. ಕೇಳಿದ ವಿಷಯ ನೆನಪಿರುತ್ತದೆ, ಯಾರು ಹೇಳಿದ್ದು, ಯಾವ ಧಾಟಿಯಲ್ಲಿ ಹೇಳಿದ್ದು ಎಂಬುದು ಬೇಗ ಅಳಿಸಿಹೋಗುತ್ತದೆ. ನಕ್ಕು ಬಿಟ್ಟ ಮಾತನ್ನೇ ಆರು ತಿಂಗಳ ನಂತರ 'ಎಲ್ಲೋ ಓದಿದ್ದೆ' ಎಂದು ಗಂಭೀರವಾಗಿ ಹೇಳುವುದು ಹೀಗೆಯೇ.

ಕೊಂಬಿನ ಮೊಲದ ಹಿಂದೆ ಒಂದು ವೈರಸ್

ಪಶ್ಚಿಮ ಅಮೆರಿಕದ ಅತಿ ಪ್ರಸಿದ್ಧ ಬುರುಡೆ ಪ್ರಾಣಿ 'ಜ್ಯಾಕಲೋಪ್'. ಮೊಲದ ಮೈ, ಜಿಂಕೆಯಂಥ ಕೊಂಬು. 1930ರ ದಶಕದಲ್ಲಿ ವಯೋಮಿಂಗ್ ರಾಜ್ಯದ ಡಗ್ಲಸ್ ಎಂಬ ಊರಿನ ಹೆರಿಕ್ ಸಹೋದರರು ಸತ್ತ ಮೊಲದ ತಲೆಗೆ ಜಿಂಕೆ ಕೊಂಬು ಕೂರಿಸಿ ಮಾರಿದರು. ಇಂದಿಗೂ ಆ ಊರಿನ ಗುರುತು ಅದೇ. ಅಲ್ಲಿ ಪ್ರವಾಸಿಗರಿಗೆ ಜ್ಯಾಕಲೋಪ್ ಬೇಟೆಯ ಪರವಾನಗಿಯನ್ನೂ ಕೊಡುತ್ತಾರೆ. ಬೇಟೆಗೆ ಅನುಮತಿ ಇರುವ ದಿನ ಜೂನ್ 31! ಕ್ಯಾಲೆಂಡರ್ ನೆನಪಿದ್ದವನಿಗೆ ಸುಳಿವು ಸಿಗುತ್ತದೆ.

ಆದರೆ ಕೊಂಬಿನಂಥ ಬೆಳವಣಿಗೆ ಇರುವ ಮೊಲಗಳು ನಿಜಕ್ಕೂ ಇವೆ. ಯುರೋಪಿನ ಹಳೆಯ ಪ್ರಾಣಿಶಾಸ್ತ್ರದ ಪುಸ್ತಕಗಳಲ್ಲೂ ಕೊಂಬಿನ ಮೊಲದ ಚಿತ್ರಗಳಿವೆ. 1933ರಲ್ಲಿ ರಾಕ್‌ಫೆಲರ್ ಸಂಸ್ಥೆಯ ರಿಚರ್ಡ್ ಶೋಪ್ ಎಂಬ ವಿಜ್ಞಾನಿ ಇದರ ಗುಟ್ಟು ಬಿಡಿಸಿದರು. ಮೊಲದ ಮೈಮೇಲಿನ ಆ ಗಡ್ಡೆಗಳನ್ನು ಅರೆದು, ಬ್ಯಾಕ್ಟೀರಿಯಾ ಕೂಡ ದಾಟದಷ್ಟು ಸೂಕ್ಷ್ಮವಾಗಿ ಸೋಸಿ, ಉಳಿದ ದ್ರವವನ್ನು ಆರೋಗ್ಯವಂತ ಮೊಲಗಳಿಗೆ ಹಚ್ಚಿದರು. ಅವುಗಳಿಗೂ ಗಡ್ಡೆ ಬೆಳೆಯಿತು. ಅಂದರೆ ಕಾರಣ ಒಂದು ವೈರಸ್. ಬಾಯಿಯ ಸುತ್ತ ಗಡ್ಡೆ ಬೆಳೆದರೆ ಮೊಲ ತಿನ್ನಲಾಗದೆ ಸಾಯುವುದೂ ಉಂಟು.

ಮನುಷ್ಯರಲ್ಲಿ ಗರ್ಭಕಂಠದ ಕ್ಯಾನ್ಸರ್‌ಗೆ ಕಾರಣವಾಗುವ ಎಚ್‌ಪಿವಿ ಇದೇ ಕುಟುಂಬದ ವೈರಸ್. ವೈರಸ್‌ಗೂ ಕ್ಯಾನ್ಸರ್‌ಗೂ ಇರುವ ನಂಟನ್ನು ಅರಿಯಲು ಶೋಪ್ ಅವರ ಮೊಲಗಳು ದಾರಿ ತೋರಿಸಿದವು. ಎಚ್‌ಪಿವಿ ನಂಟನ್ನು ಕಂಡುಹಿಡಿದ ಹರಾಲ್ಡ್ ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. 2006ರಿಂದ ಈ ಕ್ಯಾನ್ಸರ್ ತಡೆಯುವ ಲಸಿಕೆ ಬಳಕೆಯಲ್ಲಿದೆ. 9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಕೊಡಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡುತ್ತದೆ.

ಈಗ ಎರಡು ಸುಳ್ಳುಗಳನ್ನು ಪಕ್ಕಪಕ್ಕ ಇಡಿ. 'ಜೂನ್ 31ರಂದು ಕೊಂಬಿನ ಮೊಲ ಹಿಡಿಯಬಹುದು' ಎಂಬುದರಿಂದ ಯಾರಿಗೂ ನಷ್ಟವಿಲ್ಲ. 'ಎಚ್‌ಪಿವಿ ಲಸಿಕೆಯಿಂದ ಬಂಜೆತನ ಬರುತ್ತದೆ' ಎಂಬ ಆಧಾರವಿಲ್ಲದ ಸಂದೇಶವನ್ನು ನಂಬಿ ಒಬ್ಬ ತಾಯಿ ಮಗಳಿಗೆ ಲಸಿಕೆ ತಪ್ಪಿಸಿದರೆ, ಆ ಹುಡುಗಿ ತಡೆಯಬಹುದಾದ ಕ್ಯಾನ್ಸರ್‌ನ ಅಪಾಯದಲ್ಲೇ ಉಳಿಯುತ್ತಾಳೆ.

ನಗು ಯಾರ ಮೇಲೆ?

ಕೌಬಾಯ್ ನಾಡಿನ ಎಲ್ಲ ಉತ್ಪ್ರೇಕ್ಷೆಯೂ ಮುಗ್ಧವಾಗಿರಲಿಲ್ಲ. ಪಲ್ಪ್ ಪತ್ರಿಕೆಗಳಿಗೂ ಮುಂಚೆ, ಬದುಕಿದ್ದ ವ್ಯಕ್ತಿಗಳನ್ನೇ ವೀರರನ್ನಾಗಿಸಿ ಅಗ್ಗದ ಪುಸ್ತಕಗಳು ಬರುತ್ತಿದ್ದವು. ಕಿಟ್ ಕಾರ್ಸನ್ ಎಂಬ ಮಾರ್ಗದರ್ಶಿ ಅಂಥ ಒಬ್ಬ ನಾಯಕ. 1849ರಲ್ಲಿ ಅಪಾಚೆ ಜನರ ಒಂದು ಗುಂಪು ಆ್ಯನ್ ವೈಟ್ ಎಂಬ ಮಹಿಳೆಯನ್ನು ಸೆರೆಹಿಡಿದು ಒಯ್ದಿತ್ತು. ಬಿಡಿಸಲು ಹೋದ ತುಕಡಿಯಲ್ಲಿ ಕಾರ್ಸನ್ ಇದ್ದ. ಅವರು ತಲುಪುವಾಗ ಆಕೆ ಸತ್ತಿದ್ದಳು. ಬಿಡಾರದಲ್ಲಿ ಒಂದು ಪುಸ್ತಕ ಸಿಕ್ಕಿತು. ಅದರ ನಾಯಕ ಕಾರ್ಸನ್ನೇ. ಒಬ್ಬನೇ ನೂರಾರು ಮೂಲನಿವಾಸಿಗಳನ್ನು ಕೊಲ್ಲುವ ಮಹಾವೀರ. ಆ ಪುಸ್ತಕ ಓದಿ ತಾನು ಬಂದು ಕಾಪಾಡಲಿ ಎಂದು ಆಕೆ ಪ್ರಾರ್ಥಿಸಿರಬಹುದು ಎಂಬ ಯೋಚನೆ ತನ್ನನ್ನು ಕಾಡಿತೆಂದು ಕಾರ್ಸನ್ ಮುಂದೆ ತನ್ನ ಆತ್ಮಕಥನದಲ್ಲಿ ಹೇಳಿಕೊಂಡ.

ಆ ಪುಸ್ತಕದ ಇನ್ನೊಂದು ಮುಖವನ್ನೂ ನೋಡಬೇಕು. 'ನೂರಾರು ಜನರನ್ನು ಕೊಂದ' ಎಂಬುದು ಮನರಂಜನೆಯ ಸಾಲಾಗಿತ್ತು. ಮೂಲನಿವಾಸಿಗಳ ನೆಲ ಕಿತ್ತುಕೊಳ್ಳುತ್ತಿದ್ದ ಕಾಲದಲ್ಲೇ ಅವರ ಸಾವನ್ನು ಸಂಖ್ಯೆಯಾಗಿ, ಮೋಜಾಗಿ ಓದುವ ಅಭ್ಯಾಸವನ್ನು ಇಂಥ ಕಥೆಗಳು ಬೆಳೆಸಿದವು.

ಹಾಗಾದರೆ ಒಳ್ಳೆಯ ಬುರುಡೆಯನ್ನು ಗುರುತಿಸುವುದು ಹೇಗೆ? ಬ್ರಿಡ್ಜರ್ ಕಥೆಯಲ್ಲಿ ನಗು ಬೆಟ್ಟದ ಮೇಲೆ, ಎಲ್ಕಿನ್ಸ್ ಕಥೆಯಲ್ಲಿ ಹೇಳುವವನ ಮೇಲೆ, ಟ್ವೇನ್ ಕಥೆಯಲ್ಲಿ ಪರಿಶೀಲಿಸದೆ ಅಚ್ಚು ಹಾಕುವವರ ಮೇಲೆ. ಒಂದು ಜನಾಂಗವೋ ಧರ್ಮವೋ ಊರೋ ಗುರಿಯಾದಾಗ ಅದು ಬುರುಡೆಯ ಹೆಸರಿನಲ್ಲಿ ಬೇರೆಯೇ ಕೆಲಸ ಮಾಡುತ್ತಿರುತ್ತದೆ.

ನಮ್ಮ ಫೋನಿನಲ್ಲಿ ಕಳೆದುಹೋಗುವ ಕಣ್ಣುಸನ್ನೆ

ದೀಪಾವಳಿ ರಾತ್ರಿ ನಾಸಾ ತೆಗೆದ ಭಾರತದ ಚಿತ್ರ ಎಂಬ ಬಣ್ಣಬಣ್ಣದ ಫೋಟೋ ಪ್ರತಿ ವರ್ಷ ಬರುತ್ತದಲ್ಲ? ಅದು ಒಂದು ರಾತ್ರಿಯ ಚಿತ್ರವೇ ಅಲ್ಲ. ಹಲವು ವರ್ಷಗಳ ಉಪಗ್ರಹ ಚಿತ್ರಗಳನ್ನು ಸೇರಿಸಿ, ಊರುಗಳ ದೀಪಗಳು 2003ರವರೆಗೆ ಹೇಗೆ ಹೆಚ್ಚಾದವು ಎಂದು ಬೇರೆ ಬೇರೆ ಬಣ್ಣದಲ್ಲಿ ತೋರಿಸಿದ ನಕ್ಷೆ. ಯುನೆಸ್ಕೊ ನಮ್ಮ ರಾಷ್ಟ್ರಗೀತೆಯನ್ನು ಜಗತ್ತಿನಲ್ಲೇ ಶ್ರೇಷ್ಠವೆಂದು ಘೋಷಿಸಿದೆ ಎಂಬ ಸಂದೇಶವೂ ಹೀಗೆಯೇ ಸುತ್ತುತ್ತಿದೆ. ಯುನೆಸ್ಕೊ ಅಂಥ ಘೋಷಣೆ ಮಾಡಿಲ್ಲ.

ಇವು ಬಿಡಿ, ಪ್ರಾಣ ತೆಗೆಯುವುದಿಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿ ನಂಬಿದ ಗುಂಪು ಹೈದರಾಬಾದಿನಿಂದ ಬಂದಿದ್ದ ಯುವಕರ ಮೇಲೆ ಬಿದ್ದು ಒಬ್ಬನನ್ನು ಕೊಂದಿತು. ಆ ವರ್ಷ ದೇಶದ ಹಲವೆಡೆ ಇಂಥ ಹತ್ಯೆಗಳಾದವು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಚಾಟ್‌ಗಳಿಗಷ್ಟೇ ಕಳಿಸಬಹುದು ಎಂಬ ಮಿತಿ ತರುವುದಾಗಿ ಹೇಳಿತು.

ಎದುರಿಗೆ ಕುಳಿತು ಬುರುಡೆ ಬಿಡುವವನನ್ನು ನಾವು ಬಲ್ಲೆವು. ಅವನ ದನಿ, ಕಣ್ಣು, ಹಿಂದಿನ ಕಥೆಗಳು ಎಲ್ಲ ಗೊತ್ತು. ಅನುಮಾನ ಬಂದರೆ ಅಲ್ಲೇ ಕೇಳಬಹುದು. ಫಾರ್ವರ್ಡ್‌ನಲ್ಲಿ ಅದ್ಯಾವುದೂ ಇರುವುದಿಲ್ಲ. ತಮಾಷೆಗೆ ಬರೆದದ್ದು, ಯಾಮಾರಿಸಲು ಬರೆದದ್ದು, ನಿಜವಾದದ್ದು ಮೂರೂ ಒಂದೇ ಅಕ್ಷರದಲ್ಲಿ, ಒಂದೇ ಬಣ್ಣದ ಚೌಕದಲ್ಲಿ ಬರುತ್ತವೆ. ಕಳಿಸಿದ್ದು ಸೋದರಮಾವನೋ ಮೇಷ್ಟ್ರೋ ಆಗಿದ್ದರೆ, ಅವರ ಮೇಲಿನ ಗೌರವವೂ ಸಂದೇಶಕ್ಕೆ ಸೇರಿಕೊಳ್ಳುತ್ತದೆ.

ಕಳಿಸುವ ಮುಂಚೆ ನಾಲ್ಕು ಪ್ರಶ್ನೆ

• ಇದು ನನ್ನಿಂದ ನಗು ಬಯಸುತ್ತಿದೆಯೋ, ಕೆಲಸ ಮಾಡಿಸುತ್ತಿದೆಯೋ? 'ಈ ಔಷಧಿ ಬಿಡಿ', 'ಇವರನ್ನು ನಂಬಬೇಡಿ', 'ತಕ್ಷಣ ಎಲ್ಲರಿಗೂ ಕಳಿಸಿ' ಎಂದಿದ್ದರೆ ಅದನ್ನು ತಮಾಷೆ ಎಂದು ಬಿಡಬೇಡಿ.

• ಸುಳಿವು ಇದೆಯೇ? ಒಳ್ಳೆಯ ಬುರುಡೆಯಲ್ಲಿ ಜೂನ್ 31 ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. ಮೋಸದ ಸಂದೇಶ ಸುಳಿವನ್ನು ಮುಚ್ಚಿಡುತ್ತದೆ.

• ನಿಜವಾದ ಬುಡಕ್ಕೆ ಸುಳ್ಳು ತುದಿ ಅಂಟಿಸಿದ್ದಾರೆಯೇ? ಮೊದಲ ಸಾಲು ಸರಿಯಿದೆ ಎಂದ ಮಾತ್ರಕ್ಕೆ ಕೊನೆಯ ಸಾಲು ಸರಿಯಾಗುವುದಿಲ್ಲ.

• ಇದನ್ನು ನಂಬಿದರೆ ಯಾರಿಗೆ ಪೆಟ್ಟು ಬೀಳುತ್ತದೆ? ಉತ್ತರ 'ಯಾರಿಗೂ ಇಲ್ಲ' ಎಂದಾದರೆ ಧಾರಾಳವಾಗಿ ಕಳಿಸಿ ನಗಿಸಿ. ಒಬ್ಬ ರೋಗಿ, ಒಂದು ಮಗು, ಒಂದು ಸಮುದಾಯ ಎಂದಾದರೆ ಅಲ್ಲಿಗೇ ನಿಲ್ಲಿಸಿ.

ಹಾಗೆಂದು ಬುರುಡೆ ಕಥೆಗಳನ್ನು ಬಿಟ್ಟುಬಿಡಬೇಕಾಗಿಲ್ಲ. ನಂಬಿಸಿ, ಅನುಮಾನ ಹುಟ್ಟಿಸಿ, ಕೊನೆಗೆ ನಗಿಸುವ ಈ ಕಥೆಗಳು ಕೇಳುವವರಿಗೆ 'ಎಲ್ಲಿ ಎಡವಿದೆ?' ಎಂದು ಹುಡುಕುವ ಅಭ್ಯಾಸ ಮಾಡಿಸುತ್ತವೆ. ಮನೆಯ ಮಕ್ಕಳಿಗೆ ಸ್ಪಂಜಿನ ಅಂಗಿಯ ಕಥೆ ಹೇಳಿ, ಸುಳ್ಳು ಎಲ್ಲಿ ಶುರುವಾಯಿತು ಎಂದು ಕೇಳಿ ನೋಡಿ. ಅವರು ಅದನ್ನು ಕಂಡುಹಿಡಿದರೆ, ಮುಂದೆ ಫೋನಿಗೆ ಬರುವ ಸಂದೇಶದಲ್ಲೂ ಅದೇ ಜಾಗವನ್ನು ಹುಡುಕುತ್ತಾರೆ.